ಅರ್ಧ ಆಳು

ಯಾವ ಕಚೇರಿಯೊಳಗೆ ಕಾಲಿಟ್ಟರೂ ನನ್ನ ಕಣ್ಣು ಮೊದಲು ಹೋಗುವುದು ಸೂರಿಗೆ. ಅಲ್ಲಿ ಫ್ಯಾನ್ ಇದೆಯೇ, ಇದ್ದರೆ ತಿರುಗುತ್ತಿದೆಯೇ, ತಿರುಗುತ್ತಿದ್ದರೆ ಅದರ ನೇರಕ್ಕೆ ಕೂತಿರುವ ಪುಣ್ಯವಂತರು ಯಾರು, ಇಷ್ಟನ್ನು ನೋಡಿಕೊಂಡ ಮೇಲೆಯೇ ನಾನು ಎದುರಿಗಿರುವವರಿಗೆ ನಮಸ್ಕಾರ ಹೇಳುವುದು. ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ಹೋದಾಗಲೂ ಹೀಗೇ ಆಯಿತು. ಒರಗು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದೇನೆ, ಅವರು ಒಳಗೆ ಏನೋ ಕೆರೆಯುತ್ತಿದ್ದಾರೆ, ನಾನು ಅವರ ಫ್ಯಾನಿನ ಒಂದು ರೆಕ್ಕೆ ಸೊಟ್ಟಗಿರುವುದನ್ನು ನೋಡುತ್ತಿದ್ದೇನೆ. “ನೋವಾಯಿತಾ?” ಎಂದು ಕೇಳಿದರು. “ಅದನ್ನು ರಿಪೇರಿ ಮಾಡಿಸಿ” ಎಂದೆ. ಅವರು ಹಲ್ಲಿನ ಮಾತೆಂದೇ ತಿಳಿದು, “ಅದಕ್ಕೇ ತಾನೇ ಬಂದಿರುವುದು” ಎಂದರು.

ಈ ಚಟ ಇವತ್ತಿನದಲ್ಲ. ಐದನೇ ಕ್ಲಾಸಿನಲ್ಲಿ ಮೇಷ್ಟ್ರು ಎಲ್ಲರನ್ನೂ ಎಬ್ಬಿಸಿ, ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಕೇಳುತ್ತಾ ಬಂದರು. ಮುಂದಿನ ಬೆಂಚಿನವರೆಲ್ಲ ಪೊಲೀಸಾದರು, ನಡುವಿನ ಬೆಂಚಿನವರು ಡಾಕ್ಟರಾದರು. ನನ್ನ ಸರದಿ ಬಂದಾಗ ಎದ್ದು ನಿಂತು, “ನೆರಳಲ್ಲಿ ಕೂತು ಮಾಡೋ ಕೆಲಸ ಸಾರ್” ಎಂದೆ. “ಯಾವ ಕೆಲಸ?” “ಯಾವುದಾದ್ರೂ ಸರಿ ಸಾರ್.” ಮೇಷ್ಟ್ರು ನಕ್ಕರು. ಕ್ಲಾಸೂ ನಕ್ಕಿತು. ನಾನು ನಗಲಿಲ್ಲ. ಆ ಹಿಂದಿನ ಭಾನುವಾರ ತಾನೇ ರಾಗಿ ಹೊಲದಲ್ಲಿ ಕುಕ್ಕುರುಗಾಲಲ್ಲಿ ಕೂತು ಕಳೆ ಕಿತ್ತು ಬಂದಿದ್ದೆ. ತಮಿಳುನಾಡಿಗೆ ಸೇರಿದ, ಘಾಟಿಯ ಮೇಲಿನ ನಮ್ಮ ತಾಳವಾಡಿ ಕಡೆಯ ಬಿಸಿಲು ಮೋಸದ್ದು. ಗಾಳಿ ತಣ್ಣಗಿರುತ್ತದೆ, ಕೆಳಗಿನಿಂದ ಬಂದವರು ‘ಆಹಾ’ ಎನ್ನುತ್ತಾರೆ; ಸಂಜೆ ಮನೆಗೆ ಬಂದು ಕತ್ತಿನ ಹಿಂದೆ ನೀರು ಹಾಕಿಕೊಂಡಾಗಲೇ ಅದು ಏನು ಮಾಡಿದೆ ಎಂದು ಗೊತ್ತಾಗುವುದು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಏರಲಿ ಬಿಡಿ. ಊರಿನ ಕನ್ನಡ ಶಾಲೆಯಲ್ಲಿ ಓದಿದವಳು ಸತ್ಯಮಂಗಲಕ್ಕೆ ಇಳಿದು, ಮಾತಾಡಲು ಮಾತ್ರ ಬರುತ್ತಿದ್ದ ತಮಿಳಿನಲ್ಲಿ ಬರೆಯುವುದನ್ನೂ ಕಲಿತು, ಅದೇ ತಮಿಳಿನಲ್ಲಿ ಪರೀಕ್ಷೆ ಬರೆದು ಪಾಸಾದೆ. ಹಾಸ್ಟೆಲಿನ ಬಚ್ಚಲಿಗೆ ಚಿಲಕವಿರಲಿಲ್ಲ. ಓದಿದಷ್ಟೂ ವರ್ಷ ಗಟ್ಟಿಯಾಗಿ ಹಾಡು ಹೇಳಿಕೊಂಡೇ ಸ್ನಾನ ಮಾಡಿದ್ದೇನೆ. ಹಾಡು ನಿಂತರೆ ಬಾಗಿಲು ತೆರೆಯುತ್ತಿತ್ತು. ನನ್ನ ಪದವಿಯ ಪ್ರಮಾಣಪತ್ರದಲ್ಲಿ ಇದೊಂದನ್ನೂ ಬರೆದಿಲ್ಲ.

ಆಮೇಲೆ ಜಿಲ್ಲೆಯ ರೈತರ ಸಹಕಾರ ಸಂಘಗಳಿಗೆ ಗುಮಾಸ್ತರನ್ನು ತೆಗೆದುಕೊಳ್ಳುವ ಪರೀಕ್ಷೆಯಲ್ಲಿ ಆಯ್ಕೆಯಾದೆ. ಅಷ್ಟರವರೆಗೆ ನಡೆದದ್ದೆಲ್ಲ ನನಗೆ ಅರ್ಥವಾಗುವಂಥದೇ ಆಗಿತ್ತು. ಓದಿದೆ, ಬರೆದೆ, ಸಿಕ್ಕಿತು. ದಂಗಾದದ್ದು ಅದರ ಮುಂದಿನ ಮಾತಿಗೆ. ಈರೋಡಿಗೆ ಬರಬೇಕು, ಖಾಲಿ ಇರುವ ಊರುಗಳ ಹೆಸರನ್ನು ಗೋಡೆಯ ಮೇಲೆ ತೋರಿಸುತ್ತಾರೆ, ಎಲ್ಲಿ ಕೆಲಸ ಮಾಡುತ್ತೀಯೆಂದು ನೀನೇ ಆರಿಸಿಕೊಳ್ಳಬೇಕು ಎಂದು ಹೇಳಿದರು.

ಎಲ್ಲಿ ಬೇಕು? ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರಿಗೂ ಯಾರೂ ಕೇಳಿರಲಿಲ್ಲ. ಅಪ್ಪ ದುಡಿದದ್ದು ತಾತ ಬಿಟ್ಟುಹೋದ ಹೊಲದಲ್ಲಿ. ಅವ್ವ ದುಡಿದದ್ದು ಮದುವೆ ಮಾಡಿಕೊಟ್ಟ ಕಡೆ. ನಮ್ಮ ಎತ್ತು ಕೂಡ ನೊಗದ ಯಾವ ಬದಿ ಎಂಬುದನ್ನು ತಾನು ಆರಿಸಿಕೊಂಡದ್ದಲ್ಲ. ನಾನು ಆ ಸುದ್ದಿಯನ್ನು ಹೇಳಿದಾಗ ಅವ್ವ ಮುದ್ದೆ ತಿರುವುವ ಕೋಲನ್ನು ಹಿಡಿದುಕೊಂಡೇ ಕೇಳಿದಳು: “ಅವರಿಗ ಗೊತ್ತಿಲ್ವಾ, ಎಲ್ಲಿ ಕೆಲ್ಸ ಅದ ಅಂತ?”

ಅಪ್ಪನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ತಾಳವಾಡಿ ಸಂಘದಲ್ಲಿ ಒಂದು ಜಾಗ ಖಾಲಿ ಇದೆಯೆಂದು ಯಾರೋ ಹೇಳಿದ್ದೇ ತಡ, ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಆ ಕಟ್ಟಡವನ್ನು ನಾಲ್ಕೂ ಕಡೆಯಿಂದ ನೋಡಿಕೊಂಡು ಬಂದರು. ಎದುರಿಗೇ ಒಂದು ಟೀ ಅಂಗಡಿ. ಅಲ್ಲಿನ ಬೆಂಚಿನ ಮೇಲೆ ಒಂದು ಕಡೆಗೆ ಕೂತರೆ ಸಂಘದ ಬಾಗಿಲಿನಿಂದ ಒಳಗಿನ ಮೂರನೇ ಮೇಜಿನವರೆಗೆ ಕಾಣುತ್ತದೆ ಎಂಬುದನ್ನು ಕಂಡುಹಿಡಿದಿದ್ದರು. “ಮೂರ್ನೇ ಮೇಜೇ ತಕೊ ಮಗ. ಒಂದು, ಎರಡು ಬ್ಯಾಡ, ತೀರ ಬಾಗಲ್ಗ ಆಯ್ತದ” ಎಂದು ನನಗೆ ಹೇಳಿದರು. ಟೀ ಅಂಗಡಿಯವನು, “ಏನ್ಲಾ, ಮಗಳು ಕೆಲ್ಸಕ್ಕ ಬರಾಕ ಮುಂಚೇನೇ ಕಾವಲು ಕೂತ್ಕಂಡ್ಯಾ?” ಎಂದನಂತೆ. ಅದನ್ನೂ ಅಪ್ಪ ಹೆಮ್ಮೆಯಿಂದಲೇ ವರದಿ ಮಾಡಿದರು.

ನನ್ನ ಮನಸ್ಸಿನಲ್ಲಿದ್ದದ್ದು ಬೇರೆ. ನನಗೆ ಸತ್ಯಮಂಗಲ ಬೇಕಾಗಿತ್ತು. ಘಾಟಿಯ ಕೆಳಗೆ, ನಾನು ಓದಿದ ಊರು. ಅಲ್ಲಿನ ಸಂಘದ ಕಟ್ಟಡ ಹೊಸದು. ಸೂರಿಗೆ ಸಾಲಾಗಿ ಫ್ಯಾನುಗಳು, ಬಚ್ಚಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಆದರೆ ನಿಜವಾದ ಕಾರಣ ಇವೆರಡೂ ಅಲ್ಲ. ತಾಳವಾಡಿ ಸಂಘದಲ್ಲಿ ಗೊಬ್ಬರ ಬಂದ ದಿನ ಹೇಗಿರುತ್ತದೆಂದು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಬಾಗಿಲ ತನಕ ಸಾಲು ನಿಂತಿರುತ್ತದೆ. ಸಾಲಿನ ಪಕ್ಕದಲ್ಲಿ ಇನ್ನೊಂದು ಸಾಲು, ಗುಮಾಸ್ತನ ನೆಂಟರದು. ನಾನು ಆ ಮೇಜಿನಲ್ಲಿ ಕೂತ ದಿನ ನಮ್ಮೂರು, ಪಕ್ಕದ ಪಣಕಹಳ್ಳಿ, ದೊಡ್ಡಗಾಜನೂರು, ಎಲ್ಲ ಕಡೆಯಿಂದ ನನಗೆ ಅತ್ತೆ, ದೊಡ್ಡಪ್ಪ, ಚಿಕ್ಕವ್ವ ಆಗುವವರು ಹುಟ್ಟಿಕೊಳ್ಳುತ್ತಾರೆ. ಇಲ್ಲ ಎಂದರೆ ಊರಲ್ಲಿ ಮುಖವಿಲ್ಲ. ಹೂಂ ಎಂದರೆ ಕಷ್ಟಪಟ್ಟು ಓದಿದ್ದಕ್ಕೆ ಅರ್ಥವಿಲ್ಲ. ಯಾರ ಮಗಳು ಎಂದು ಯಾರೂ ಕೇಳದ ಊರಿನಲ್ಲಿ, ಫ್ಯಾನಿನ ಕೆಳಗೆ, ಸರದಿ ಪ್ರಕಾರ ಗೊಬ್ಬರ ಕೊಡುವ ಗುಮಾಸ್ತೆಯಾಗಿರಬೇಕು. ಇದು ನನ್ನ ಆಸೆ. ಅಪ್ಪನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಪುಟ್ಟಮಾದತ್ತೆ ಬಂದಳು. ಪಕ್ಕದ ಮನೆಯವಳು, ರಕ್ತಸಂಬಂಧವೇನಿಲ್ಲ, ಮಾತು ಬಂದಾಗಿನಿಂದ ಅತ್ತೆ ಎಂದೇ ಕರೆದದ್ದು. ಜಗುಲಿಯ ಮೇಲೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಶುರು ಮಾಡಿದಳು.

“ಓದು ಮುಗೀತಂತಲ್ಲ ಅಮ್ಮಿ.”

“ಮುಗೀತು ಅತ್ತೆ. ಕೆಲಸವೂ ಸಿಕ್ತು.”

“ಸಿಗದೆ ಎಲ್ಲಿಗ ಓಯ್ತದ, ಅಷ್ಟೊಂದು ಓದಿದ್ ಮ್ಯಾಲ. ಅಂಗಾದ್ರ ಇನ್ನ ನಿನ್ ಮುಯ್ಯಿ ಸುರು ಮಾಡು.”

“ಯಾವ ಮುಯ್ಯಿ?”

“ಯಾವ ಮುಯ್ಯಿ ಅಂತಾಳ ನೋಡಕ್ಕ” ಎಂದು ಒಳಗಿದ್ದ ಅವ್ವನಿಗೆ ಕೇಳಿಸುವಂತೆ ಹೇಳಿ ನನ್ನ ಕಡೆ ತಿರುಗಿದಳು. “ನೀನು ಕೆಳಗ ಕೂತ್ಕಂಡು ಪುಸ್ತಕ ತಿರುವಾಕ್ತಾ ಇದ್ದಾಗ ನಿಮ್ ಒಲದಲ್ಲಿ ನಿನ್ ಜಾಗ್ದಲ್ಲಿ ಕೂತು ಕಳೆ ಕಿತ್ತೋರು ಯಾರು? ನಾನು. ನನ್ ಸೊಸೆ. ಆಚೆ ಬೀದಿಯೋರು. ಅದ್ನ ಯಾರು ತೀರಿಸ್ತಾರ?”

ಮುಯ್ಯಿ ಎಂದರೆ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸಣ್ಣ ಹಿಡುವಳಿಯವರೆಲ್ಲ ಸೇರಿ ಒಂದು ಗುಂಪು. ಇವತ್ತು ನಿಮ್ಮ ಮನೆಯ ಆಳು ನಮ್ಮ ಹೊಲಕ್ಕೆ, ನಾಳೆ ನಮ್ಮ ಮನೆಯ ಆಳು ನಿಮ್ಮ ಹೊಲಕ್ಕೆ. ನಮ್ಮ ಬೀದಿಯ ಹೆಂಗಸರ ಗುಂಪಿನಲ್ಲಿ ನಮ್ಮ ಮನೆಯಿಂದ ಎರಡು ಜೊತೆ ಕೈ: ಅವ್ವನದು, ನನ್ನದು. ನಾನು ಓದಲು ಹೋದಾಗ ಒಂದು ಜೊತೆ ಕಡಿಮೆಯಾಯಿತು, ಆದರೆ ನಮ್ಮ ಹೊಲವೇನೂ ಚಿಕ್ಕದಾಗಲಿಲ್ಲ. ಅಷ್ಟು ವರ್ಷ ಆ ಜಾಗಕ್ಕೆ ಯಾರು ಬಂದರು ಎಂದು ನಾನು ಕೇಳಿರಲಿಲ್ಲ. ನನ್ನ ಓದು ನನ್ನ ಬೆವರಿನದೇ ಎಂದುಕೊಂಡು ಎದೆಯುಬ್ಬಿಸಿ ಓಡಾಡಿದವಳಿಗೆ, ಅದರಲ್ಲಿ ಅರ್ಧ ಬೀದಿಯ ಬೆವರು ಸೇರಿದೆ ಎಂದು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಯಾರೋ ಹೇಳಿದರೆ ಹೇಗಾಗಬೇಡ. ಗೋಡೆಗೆ ಒರಗಿಕೊಂಡೆ.

ಒರಗಿದ ಮೇಲೆ ತಲೆಗೆ ಬಂದದ್ದು ಗೊಬ್ಬರ. ಓಹೋ, ಸಾಲು ಇಲ್ಲೇ ಶುರುವಾಯಿತು ಎಂದುಕೊಂಡೆ. ಇದನ್ನು ಈಗಲೇ ಕತ್ತರಿಸಬೇಕು. ನಾನು ಹೇಳುವುದನ್ನು ನೇರವಾಗಿ ಹೇಳುವವಳು, ಹೇಳಿದೆ. “ಅತ್ತೆ, ನೀವು ಮಾಡಿದ್ದನ್ನ ನಾನು ಮರೆಯೋಳಲ್ಲ. ಆದ್ರೆ ಆಫೀಸಿನ ಕೆಲಸ ಬೇರೆ. ಗೊಬ್ಬರ ಬಂದ್ರೆ ಎಲ್ಲರಿಗೂ ಸರದಿ ಪ್ರಕಾರ. ನಮ್ಮವರು ಅಂತ ಒಂದು ಮೂಟೆ ಎತ್ತಿಡೋಕೆ ನನ್ನಿಂದ ಆಗಲ್ಲ. ಬೇಜಾರು ಮಾಡ್ಕೋಬೇಡಿ.” ಇನ್ನೂ ಕೆಲವು ಮಾತು ಸೇರಿಸಿದೆ. ನ್ಯಾಯ, ನಿಯಮ, ಇಂಥವು. ಪರೀಕ್ಷೆಗೆ ಓದಿದ್ದೆಲ್ಲ ಇನ್ನೂ ಬಾಯಲ್ಲೇ ಇತ್ತು.

ಪುಟ್ಟಮಾದತ್ತೆ ಅಗಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. ಆಮೇಲೆ ಒಳಗೆ ನೋಡಿ, “ಏನಕ್ಕ, ನಿನ್ ಮಗಳು ಗೊಬ್ಬರದ ಮಾತ ಆಡ್ತಾಳ? ನಾನ್ ಎಲ್ಲಿ ಗೊಬ್ಬರ ಕೇಳ್ದಿ?” ಎಂದಳು.

“ಮತ್ತೇನು ಬೇಕು ಅತ್ತೆ?”

“ಇನ್ನೇನು ಬೇಕು, ನೀನು ಬೇಕು. ನಾನು ಕಳೆ ಕಿತ್ತಿದ್ರ ನೀನೂ ಕಳೆನೇ ಕೀಳ್ಬೇಕು. ನಿನ್ ಆಪೀಸ್ನ ತಕಂಡು ನಾನೇನ್ ಮಾಡ್ಲಿ, ಒಲಕ್ಕ ಆಕ್ಲಾ?”

ನನ್ನ ನ್ಯಾಯ, ನಿಯಮಗಳೆಲ್ಲ ಜಗುಲಿಯ ಮೇಲೆ ಹಾಗೇ ಬಿದ್ದವು. ಲಂಚ ಕೇಳಿದ್ದರೆ ಕೊಡುವುದಿಲ್ಲ ಎನ್ನಲು ನಾನು ತಯಾರಾಗಿದ್ದೆ. ಇವಳು ಕೇಳುತ್ತಿರುವುದು ನನ್ನ ಎರಡು ಮಂಡಿ, ಹತ್ತು ಬೆರಳು. ಇದಕ್ಕೆ ಇಲ್ಲ ಎನ್ನುವುದನ್ನು ಯಾವ ಪುಸ್ತಕವೂ ಹೇಳಿಕೊಟ್ಟಿರಲಿಲ್ಲ. ಆ ಗಾಬರಿಯಲ್ಲಿ, ನಮ್ಮ ಕಡೆ ಯಾರೂ ಆಡಬಾರದ ಒಂದು ಮಾತನ್ನು ಆಡಿಬಿಟ್ಟೆ.

“ಒಂದು ಕೆಲಸ ಮಾಡ್ತೀನಿ ಅತ್ತೆ. ಸಂಬಳ ಬಂದ ಕೂಡಲೇ ನನ್ನ ಬದಲಿಗೆ ಕೂಲಿ ಆಳು ಕಳಿಸಿಬಿಡ್ತೀನಿ.”

ಒಳಗೆ ಮುದ್ದೆ ಕೋಲು ನಿಂತಿತು. ಪುಟ್ಟಮಾದತ್ತೆ ಬಾಯಲ್ಲಿದ್ದದ್ದನ್ನು ಉಗಿದು ಬಂದು, ಕೂರಲಿಲ್ಲ, ನಿಂತಳು. ಕೂಲಿ ಕೊಟ್ಟು ತೀರಿಸುವುದೆಂದರೆ ನಮ್ಮಲ್ಲಿ, ನಿನಗೂ ನನಗೂ ಇನ್ನು ಏನೂ ಇಲ್ಲ ಎಂದಂತೆ. ಜಗಳವಾಡಿ ಮನೆ ಭಾಗ ಮಾಡಿಕೊಂಡ ಅಣ್ಣತಮ್ಮಂದಿರು ಹಾಗೆ ಮಾಡುತ್ತಾರೆ. ಇದು ನನಗೆ ಗೊತ್ತಿಲ್ಲದ್ದಲ್ಲ, ಮರೆತಿತ್ತು. ಅವ್ವ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು.

“ಮನಸ್ಸಿಗ ಆಕ್ಕೋಬ್ಯಾಡ ಕಣವ್ವ. ಅವಳ್ಗ ಏನೂ ಗೊತ್ತಾಗಲ್ಲ. ಓದ್ದೋಳು.”

ಓದಿದವಳು ಎಂಬ ಮಾತನ್ನು ಅಲ್ಲಿಯವರೆಗೆ ನಾನು ಎಷ್ಟೋ ರೀತಿಯಲ್ಲಿ ಕೇಳಿದ್ದೆ. ಹೊಗಳಿಕೆಯಾಗಿ, ಹೊಟ್ಟೆಕಿಚ್ಚಾಗಿ, ಮದುವೆಯ ಮಾತಿನಲ್ಲಿ ತೂಕಕ್ಕಾಗಿ. ಚಿಕ್ಕ ಮಗು ನೆಂಟರ ತೊಡೆಯ ಮೇಲೆ ಉಚ್ಚೆ ಹೊಯ್ದಾಗ ತಾಯಿ ಕ್ಷಮೆ ಕೇಳುವ ದನಿಯಲ್ಲಿ ಕೇಳಿದ್ದು ಅದೇ ಮೊದಲು.

ಮಾರನೆಯ ದಿನ ಬೆಳಗಾಗುತ್ತಲೇ ಪುಟ್ಟಮಾದತ್ತೆಯ ರಾಗಿ ಹೊಲದಲ್ಲಿ ಹೆಂಗಸರ ಸಾಲಿನ ನಡುವೆ ಕೂತಿದ್ದೆ. ಕೂತ ಸ್ವಲ್ಪ ಹೊತ್ತಿಗೇ ನನ್ನ ಎರಡು ಕಾಲೂ ಬೇರೆ ಯಾರದೋ ಆಗಿಹೋದವು. ಮಂಡಿಯೂರಿದೆ, ಚಕ್ಕಳಮಕ್ಕಳ ಹಾಕಿದೆ, ಒಮ್ಮೆ ಒಂದು ಕಾಲನ್ನು ಚಾಚಿಕೊಂಡೂ ನೋಡಿದೆ. ಸಾಲು ಮುಂದೆ ಹೋಗುತ್ತಿತ್ತು. ನಾನು ಬಾಲದಂತೆ ಹಿಂದೆ ಉಳಿಯುತ್ತಿದ್ದೆ. ಹಿಂದೆ ಉಳಿಯಬಾರದೆಂದು ಬಿರುಸಾಗಿ ಕೀಳತೊಡಗಿದೆ. ಎಳೆಯ ರಾಗಿ ಪೈರಿನ ನಡುವೆ ಅದರಂತೆಯೇ ಕಾಣುವ ಒಂದು ಹುಲ್ಲು ಬರುತ್ತದೆ. ಚಿಕ್ಕಂದಿನಲ್ಲಿ ಕಣ್ಣು ಮುಚ್ಚಿಕೊಂಡು ಬುಡ ಮುಟ್ಟಿದರೂ ಯಾವುದು ಯಾವುದೆಂದು ಹೇಳುತ್ತಿದ್ದೆ. ಈಗ ಕಣ್ಣು ಬಿಟ್ಟುಕೊಂಡು ಕಿತ್ತೆ. ಎಷ್ಟೋ ಹೊತ್ತಿನ ಮೇಲೆ ಪಕ್ಕದಲ್ಲಿದ್ದ ಪುಟ್ಟಮಾದತ್ತೆಯ ಸೊಸೆ ನನ್ನ ಗುಡ್ಡೆಯಿಂದ ಒಂದು ಹಿಡಿ ಎತ್ತಿ ಬಿಸಿಲಿಗೆ ಹಿಡಿದಳು.

“ಅತ್ತೆ, ಇಲ್ನೋಡಿ. ಇವಳು ಕಳೆ ಬುಟ್ಟು ರಾಗಿ ಕಿತ್ತವಳ.”

ಸಾಲು ನಿಂತಿತು. ಎಲ್ಲರೂ ಬಂದು ನೋಡಿದರು. ನಾನು ಹಾದುಬಂದ ಜಾಗ ಅಚ್ಚುಕಟ್ಟಾಗಿತ್ತು. ಹುಲ್ಲು ಒಂದೂ ಹಾಳಾಗದೆ ತಲೆಯೆತ್ತಿ ನಿಂತಿತ್ತು.

“ಇವಳ್ಗ ಸರ್ಕಾರ ಸಂಬಳ ಕೊಡ್ತದಂತ” ಎಂದಳು ಆಚೆ ಬೀದಿಯ ಒಬ್ಬಾಕೆ.

“ರಾಗಿ ಕೀಳಾಕ ಅಂತ ಕೊಡ್ತದೇನೋ” ಎಂದಳು ಇನ್ನೊಬ್ಬಳು.

ಪುಟ್ಟಮಾದತ್ತೆ ನಗಲಿಲ್ಲ, ಅವಳ ರಾಗಿ ತಾನೇ. ನನ್ನ ಗುಡ್ಡೆಯನ್ನು ಕಾಲಲ್ಲಿ ಸರಿಸಿ ತೀರ್ಪು ಕೊಟ್ಟಳು: “ಇವತ್ತಿಂದು ಮುಯ್ಯಿಗ ಸೇರಲ್ಲ. ಕಲಿಯಾಕ ಬಂದವಳ ಅಂತ ಲೆಕ್ಕ.”

ನಾನು ಒಂದು ಪರೀಕ್ಷೆಯಲ್ಲೂ ಫೇಲಾದವಳಲ್ಲ. ಬುತ್ತಿ ಬಿಚ್ಚುವ ಹೊತ್ತಿಗೆ ಹೊಂಗೆ ಮರದ ಕೆಳಗೆ ಒಬ್ಬಳೇ ಒಂದು ಪಕ್ಕಕ್ಕೆ ಕೂತೆ. ಪುಟ್ಟಮಾದತ್ತೆ ಮುದ್ದೆಯ ತಟ್ಟೆ ತಂದು ಮುಂದಿಟ್ಟು, ತಾನೂ ಅಲ್ಲೇ ಕೂತಳು.

“ಮೂತಿ ಊದಿಸ್ಕಬ್ಯಾಡ, ತಿನ್ನು. ನಿಮ್ಮವ್ವ ಯಾಕ ಇವತ್ತು ಬಂದಿಲ್ಲ, ಗೊತ್ತಾ?”

“ಮನೇಲಿ ಕೆಲಸ ಇದೆ ಅಂದಳು.”

“ಕೆಲ್ಸ ಯಾವತ್ತಿಲ್ಲ. ಅವಳ ಮಂಡಿ ಓಗದ ಕಣಮ್ಮಿ. ಕುಕ್ಕುರುಗಾಲಲ್ಲಿ ಕೂತ್ರ ಏಳಾಕ ಆಗಲ್ಲ. ಓದ್ ಸಾರಿ ಕಳೇಲಿ ನಾವು ಇಬ್ರು ಇಡ್ಕಂಡು ಎಬ್ಬಿಸ್ದೊ.”

ನಾನು ಬಂದು ಎಷ್ಟು ದಿನವಾಯಿತು. ಅವ್ವ ನಿಂತುಕೊಂಡೇ ಪಾತ್ರೆ ತೊಳೆಯುತ್ತಿದ್ದಳು, ನಿಂತುಕೊಂಡೇ ತರಕಾರಿ ಹೆಚ್ಚುತ್ತಿದ್ದಳು. ಪಟ್ಟಣದ ಅಡುಗೆಮನೆಯ ರೂಢಿ ನಮ್ಮ ಅವ್ವನಿಗೂ ಬಂತಲ್ಲ ಎಂದು ನಾನು ಸಂತೋಷಪಟ್ಟಿದ್ದೆ.

“ಅವಳು ಬರದೇ ಇದ್ರೂ ನಾವು ನಿಮ್ ಒಲಕ್ಕ ಓಗದು ಬುಟ್ಟಿಲ್ಲ” ಎಂದು ಅತ್ತೆ ಮುಂದುವರಿಸಿದಳು. “ಯಾಕ? ಮಗಳ ಮುಯ್ಯಿ ಅದಲ್ಲ, ಅವಳು ಬತ್ತಾಳ ಅಂತ. ಈಗ ನೀನು ಕೆಲ್ಸ ಅಂತ ಎತ್ಲಾಗೋ ಓಗಿ ಕೂತ್ಕಂಡ್ರ, ನಿಮ್ಮನೆಯಿಂದ ಒಂದ್ ಕೈಯೂ ಇಲ್ಲ. ನಾನು ಬ್ಯಾಡ ಅನ್ನಲ್ಲಪ್ಪ. ಇವರೆಲ್ಲ ಅಂತಾರ.” ಇವರೆಲ್ಲ ಎಂದರೆ ಆಚೆ ಕೂತು ನಮ್ಮ ಕಡೆಗೇ ಕಿವಿ ಇಟ್ಟಿದ್ದವರು. ಯಾರೂ ಇಲ್ಲ ಎನ್ನಲಿಲ್ಲ.

ಗುಂಪಿನಿಂದ ಹೊರಗಾದರೆ ಏನಾಗುತ್ತದೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಳೆಯ ಕಾಲಕ್ಕೆ ಕೂಲಿಯವರನ್ನೆಲ್ಲ ವ್ಯಾನುಗಳು ಗಡಿಯಾಚೆಯ ಶುಂಠಿ ತೋಟಗಳಿಗೆ ತುಂಬಿಕೊಂಡು ಹೋಗುತ್ತವೆ. ನಮ್ಮಂಥವರ ತುಂಡು ಹೊಲಕ್ಕೆ ಬರುವವರಿಲ್ಲ. ಗುಂಪಿಲ್ಲದಿದ್ದರೆ ಹೊಲ ಬೀಳು. ಹೊಲಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ಹೊರಟಾಗ ಅವ್ವನನ್ನು ಯಾರೂ ಕೂಗುವುದಿಲ್ಲ.

“ಇನ್ನೊಂದ್ ಮಾತು ಯೋಳ್ತೀನಿ, ನಿಮ್ಮವ್ವನ್ಗ ಯೋಳ್ಬ್ಯಾಡ” ಎಂದು ಅತ್ತೆ ದನಿ ತಗ್ಗಿಸಿದಳು, ತಗ್ಗಿಸಿದರೂ ಮರದ ಕೆಳಗಿನವರಿಗೆಲ್ಲ ಕೇಳಿಸಿತು. “ಅವಳ ಕಾಲು ಗಟ್ಟಿ ಇದ್ದಾಗ ನಾನೇ ಅಂದಿದ್ದಿ, ಮಗಳ್ದೂ ನೀನೇ ತೀರಿಸ್ಬುಡಕ್ಕ, ಒಂದೆರಡು ದಿನ ಎಚ್ಗ ಬಂದ್ರ ಆಯ್ತು ಅಂತ. ಒಪ್ಪಲಿಲ್ಲ. ಅವಳ್ದು ಅವಳ್ಗೇ ಇರ್ಲಿ ಅಂದ್ಳು.”

ಆ ಮಧ್ಯಾಹ್ನ ಕಳೆಯೋ ರಾಗಿಯೋ, ನಾನೇನು ಕಿತ್ತೆನೋ ತಿಳಿಯದು. ಮನೆಗೆ ಬಂದವಳೇ ಅಡುಗೆಮನೆಗೆ ಹೋದೆ. ಅವ್ವ ನಿಂತುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ನಿಂತುಕೊಂಡು ಅವರೆಕಾಯಿ ಸುಲಿಯುವವರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ದಿನಾ ನೋಡುತ್ತಿದ್ದೆ.

“ಮಂಡಿ ವಿಷಯ ಯಾಕೆ ಹೇಳಲಿಲ್ಲ?”

“ಯೋಳಿದ್ರ ನೀನೇನ್ ಡಾಕ್ಟ್ರಾ?”

“ನನ್ನ ಮುಯ್ಯಿ ಯಾಕೆ ಹಾಗೇ ಇಟ್ಟೆ? ತೀರಿಸಬಹುದಿತ್ತಂತಲ್ಲ.”

ಅವ್ವ ಒಂದು ಕಾಯಿಯನ್ನು ಪೂರ್ತಿ ಸುಲಿದು, ಕಾಳನ್ನು ಬಟ್ಟಲಿಗೆ ಹಾಕಿ, ಸಿಪ್ಪೆಯನ್ನು ಬುಟ್ಟಿಗೆ ಎಸೆದಳು.

“ತೀರಿಸ್ಬುಟ್ಟಿದ್ರ ನೀನು ನೆಂಟ್ರಂಗ ಬತ್ತಿದ್ದ. ಬಂದು, ಕುರ್ಚಿ ಮ್ಯಾಲ ಕೂತ್ಕಂಡು, ಟೀ ಕುಡ್ದು, ಚೆನ್ನಾಗಿದೀರಾ ಅಂತ ಕೇಳಿ, ಓಯ್ತಿದ್ದ. ಎಲ್ರೂ ನಗನಗ್ತಾ ಮಾತಾಡ್ಸೋರು. ಒಬ್ರೂ ನಿನ್ನ ಬಯ್ತಿರಲಿಲ್ಲ.” ಇನ್ನೊಂದು ಕಾಯಿ ಎತ್ತಿಕೊಂಡಳು. “ಇವತ್ತು ಬಯ್ದ್ರಂತಲ್ಲ, ಚೆನ್ನಾಗಿ.”

ನಾನು ಊರು ಬಿಟ್ಟು ಹೋಗದಂತೆ ನನ್ನ ಅವ್ವ ನನ್ನನ್ನು ಕಟ್ಟಿಹಾಕಿದ್ದಾಳೆ. ಅದಕ್ಕೆ ಅವಳು ಬಳಸಿದ್ದು ಕಣ್ಣೀರಲ್ಲ, ಆಣೆಯಲ್ಲ, ಕಳೆ. ಕೋಪ ಬಂತು. ಕೋಪದ ಜೊತೆಯಲ್ಲೇ, ಇಷ್ಟು ದೂರ ಯೋಚಿಸುವ ಹೆಂಗಸು ಕಾಲೇಜಿಗೆ ಹೋಗಿದ್ದರೆ ಏನಾಗುತ್ತಿದ್ದಳೋ ಎಂಬ ಹೆದರಿಕೆಯೂ ಬಂತು.

“ಹಾಗಾದ್ರೆ ತಾಳವಾಡೀನೇ ತಗೊಳ್ಳಲಾ?”

“ನನ್ನ ಕೇಳ್ಬ್ಯಾಡ. ನಿನ್ ಕೆಲ್ಸ, ನಿನ್ ಇಷ್ಟ” ಎಂದಳು. ಅಷ್ಟೆಲ್ಲ ಮಾಡಿಟ್ಟವಳು.

ಈರೋಡಿಗೆ ಹೊರಡುವ ಹೊತ್ತಿಗೆ ನಾನು ನಿರ್ಧಾರ ಮಾಡಿದ್ದೆ. ತಾಳವಾಡಿ. ಗೊಬ್ಬರದ ಸಾಲನ್ನು ಹೇಗಾದರೂ ನಿಭಾಯಿಸಿದರಾಯಿತು. ರಾಗಿ ಕಿತ್ತವಳೆಂದು ಇಷ್ಟು ಬೈಸಿಕೊಂಡ ಮೇಲೆ ಮೂಟೆ ಕೊಡಲಿಲ್ಲವೆಂದು ಬೈಸಿಕೊಳ್ಳುವುದೇನು ಹೆಚ್ಚು. ಭಾನುವಾರ ಬೆಳಿಗ್ಗೆ ಬೀದಿಯವರ ಜೊತೆಯಲ್ಲೇ ಹೊಲಕ್ಕೆ ಹೊರಡಬಹುದು, ಪೂರಾ ಆಳಾಗಿ. ಅಪ್ಪನಿಗೆ ಹೇಳಿದಾಗ ಅವರು ಹೊಸ ಪಂಚೆ ಉಟ್ಟು ನನ್ನ ಜೊತೆಗೇ ಹೊರಟರು.

ಈರೋಡಿನಲ್ಲಿ ದೊಡ್ಡ ಸಭಾಂಗಣ. ಗೋಡೆಯ ಮೇಲೆ ಬೆಳಕಿನಲ್ಲಿ ಊರುಗಳ ಹೆಸರು. ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಅವರು ಒಂದು ಊರು ಹೇಳಿದ ಕೂಡಲೇ ಆ ಹೆಸರು ಗೋಡೆಯಿಂದ ಮಾಯ. ತಾಳವಾಡಿ ಕೊನೆಯ ಸಾಲಿನಲ್ಲಿ ಕೂತಿತ್ತು, ಯಾರೂ ಅದರ ಕಡೆ ನೋಡುತ್ತಿರಲಿಲ್ಲ. ನೋಡುವುದಿಲ್ಲವೆಂದು ನನಗೆ ಗೊತ್ತಿತ್ತು. ಕೆಳಗಿನವರಿಗೆ ತಾಳವಾಡಿಯೆಂದರೆ ತಪ್ಪು ಮಾಡಿದವರನ್ನು ಕಳಿಸುವ ಜಾಗ. ಘಾಟಿ, ತಿರುವು, ಆನೆ, ರಾತ್ರಿಯಾದರೆ ಮುಚ್ಚುವ ಕಾಡಿನ ಗೇಟು, ಕನ್ನಡ. ಕೊನೆಯಲ್ಲಿ ಕರೆದರೂ ಅದು ನನಗಾಗಿ ಅಲ್ಲೇ ಕೂತಿರುತ್ತದೆಂದು ನಿಶ್ಚಿಂತಳಾಗಿದ್ದೆ.

ನನಗಿಂತ ಒಂದು ಹೆಜ್ಜೆ ಮುಂದೆ ಒಬ್ಬ ದಪ್ಪ ಕನ್ನಡಕದವನು. ಮೇಜಿನ ಮುಂದೆ ಹೋಗಿ ನಿಂತ. “ತಾಳವಾಡಿ ಸಾರ್” ಎಂದ.

ಅಧಿಕಾರಿ ತಲೆಯೆತ್ತಿ ನೋಡಿದರು. ಇನ್ನೊಮ್ಮೆ ಕೇಳಿದರು. ಅವನು ಮತ್ತೆ ಅದನ್ನೇ ಹೇಳಿ, ತಮಿಳಿನಲ್ಲಿ ವಿವರಿಸಿದ: ತನಗೆ ಈರೋಡಿನ ಬಿಸಿಲು ಆಗುವುದಿಲ್ಲ, ಮೈಯೆಲ್ಲ ಬೆವರುಸಾಲೆ, ಅಲ್ಲಿ ವರ್ಷವೆಲ್ಲ ತಣ್ಣಗಿರುತ್ತದಂತೆ. ಹೆಸರು ಗೋಡೆಯಿಂದ ಹೋಯಿತು.

ನಾನು ಆ ಗೋಡೆಯನ್ನೇ ನೋಡುತ್ತಿದ್ದೆ. ಪುಟ್ಟಮಾದತ್ತೆಗೆ ನಾನು ಬೇಕಾಗಿ, ಅವ್ವನಿಗೆ ನಾನು ಬೇಕಾಗಿ, ಅಪ್ಪ ಬೆಂಚು ಹಿಡಿದಿಟ್ಟು, ನಾನು ರಾಗಿ ಕಿತ್ತು, ಇಷ್ಟೆಲ್ಲ ಆದ ಮೇಲೆ ಒಬ್ಬನ ಬೆವರುಸಾಲೆ ಅದನ್ನು ಎತ್ತಿಕೊಂಡು ಹೋಯಿತು. ನನ್ನ ಹೆಸರು ಕರೆದದ್ದು ಎರಡನೇ ಸಲಕ್ಕೆ ಕೇಳಿಸಿತು.

“ಎಂದ ಊರಮ್ಮಾ ವೇಣುಮ್?” ಯಾವ ಊರು ಬೇಕಮ್ಮ ಎಂದು ಅಧಿಕಾರಿ ಕೇಳುತ್ತಿದ್ದರು.

“ತಾಳವಾಡಿ” ಎಂದೆ.

ಹಿಂದಿನಿಂದ ಯಾರೋ ನಕ್ಕರು. ಅಧಿಕಾರಿ ಒಳ್ಳೆಯವರು, ನಗಲಿಲ್ಲ. ನನ್ನ ಅಂಕ ನೋಡಿ, ಒಳ್ಳೆಯ ರ‍್ಯಾಂಕು, ಈರೋಡಿನ ಮುಖ್ಯ ಕಚೇರಿಯೇ ಖಾಲಿ ಇದೆ, ಇದೇ ಕಟ್ಟಡದ ಎರಡನೇ ಮಹಡಿ, ಲಿಫ್ಟ್ ಇದೆ, ಎಸಿ ಇದೆ, ಬಡ್ತಿಯೂ ಬೇಗ, ಅದನ್ನು ತೆಗೆದುಕೋ ಎಂದು ಬುದ್ಧಿ ಹೇಳಿದರು. ಫ್ಯಾನಿಗೆ ಆಸೆಪಟ್ಟವಳಿಗೆ ಎಸಿ. ಐದನೇ ಕ್ಲಾಸಿನ ಹುಡುಗಿ ನನ್ನೊಳಗೆ ಎದ್ದು ನಿಂತು ಕೈಯೆತ್ತುತ್ತಿದ್ದಳು. ಗೋಡೆಯ ಮೇಲೆ ಸತ್ಯಮಂಗಲವೂ ಇತ್ತು.

“ಸಾರ್, ಸತ್ಯಮಂಗಲದಿಂದ ಭಾನುವಾರ ಮೇಲಕ್ಕೆ ಹೋಗುವ ಮೊದಲ ಬಸ್ಸು ಎಷ್ಟು ಹೊತ್ತಿಗೆ?” ಎಂದು ಕೇಳಿದೆ.

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. ಇಂಥ ಪ್ರಶ್ನೆಗೆ ಅವರ ಹತ್ತಿರ ಉತ್ತರವಿರಲಿಲ್ಲ, ಪಕ್ಕದಲ್ಲಿ ನಿಂತಿದ್ದ ಜವಾನರ ಹತ್ತಿರ ಇತ್ತು. ಗೇಟು ತೆಗೆಯುತ್ತಲೇ ಘಾಟಿ ಹತ್ತುತ್ತದೆ ಎಂದರು. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಸಂಘಕ್ಕೆ ಶನಿವಾರವೂ ಕೆಲಸ; ಸಂಜೆ ಲೆಕ್ಕ ಮುಗಿಸುವಷ್ಟರಲ್ಲಿ ಮೇಲಿನ ಬಸ್ಸು ಹೊರಟುಹೋಗಿರುತ್ತದೆ. ಭಾನುವಾರದ ಮೊದಲ ಬಸ್ಸಿಗೆ ಈರೋಡಿನಿಂದ ಹೊರಟರೆ ಹೊಲ ತಲುಪುವಾಗ ಎಲ್ಲರೂ ಉಂಡು ಬುತ್ತಿಯ ಪಾತ್ರೆ ಕಟ್ಟಿಡುತ್ತಿರುತ್ತಾರೆ. ಸತ್ಯಮಂಗಲದಿಂದಾದರೆ ಅರ್ಧ ದಿನವಾದರೂ ಕೈಯಲ್ಲಿರುತ್ತದೆ.

“ಸತ್ಯಮಂಗಲ” ಎಂದೆ.

ಹೊರಗೆ ಬಂದು ಅಪ್ಪನಿಗೆ ಹೇಳಿದೆ. ಅವರು, “ಮೂರ್ನೇ ಮೇಜು ಓಯ್ತಾ?” ಎಂದಷ್ಟೇ ಕೇಳಿದರು. ಅವ್ವನಿಗೆ ಫೋನ್ ಮಾಡಿದೆ. ತಾಳವಾಡಿ ಹೋದದ್ದನ್ನು, ಸತ್ಯಮಂಗಲ ಹಿಡಿದದ್ದನ್ನು, ಬಸ್ಸಿನ ಹೊತ್ತನ್ನು ಹೇಳಿದೆ. ಅವ್ವ ಹೂಂ, ಹೂಂ ಎಂದು ಕೇಳಿಕೊಂಡು, “ತಾಳು” ಎಂದಳು. ಗೋಡೆಯಾಚೆಗೆ ಕೂಗಿದ್ದು ಕೇಳಿಸಿತು. ಫೋನು ಕೈ ಬದಲಾಯಿತು.

“ಎಷ್ಟೊತ್ಗ ಬತ್ತೀಯಾ?” ಪುಟ್ಟಮಾದತ್ತೆಯ ದನಿ.

“ಹತ್ತು ಗಂಟೆ ಆಗುತ್ತೆ ಅತ್ತೆ.”

“ಅಷ್ಟೊತ್ಗ ನಮ್ದು ಅರ್ಧ ಮುಗ್ದಿರ್ತದ.”

“ಅರ್ಧ ಆಳು ಅಂತಲೇ ಇಟ್ಕೊಳ್ಳಿ. ಎರಡು ಸಲ ಬಂದ್ರೆ ಒಂದು.”

“ಅರ್ಧ ಆಳ್ಗ ಊಟ ಪೂರಾ ಆಕ್ಬೇಕಲ್ಲ.”

“ನಾನೇ ಊಟ ಕಟ್ಟಿಸಿಕೊಂಡು ಬರ್ತೀನಿ.”

“ಓಟ್ಲು ಅನ್ನ ತಂದು ನನ್ ಒಲದಲ್ಲಿ ತಿಂತಾಳಂತ. ಅದೊಂದ್ ಬಾಕಿ ಇತ್ತು” ಎಂದು ಬೈದು, “ಇರು, ಇವರ್ನೂ ಕೇಳ್ಬೇಕು” ಎಂದಳು.

ನನ್ನ ಪಕ್ಕದಲ್ಲಿ ಆಯ್ಕೆಯಾದವರು ಒಬ್ಬರ ಕೈ ಒಬ್ಬರು ಕುಲುಕುತ್ತಿದ್ದರು, ಯಾರೋ ಲಾಡು ಹಂಚುತ್ತಿದ್ದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದೆ. ಆ ಕಡೆ ಹೆಂಗಸರ ಮಾತು ಏರುತ್ತಿತ್ತು, ಇಳಿಯುತ್ತಿತ್ತು. ಸೊಸೆ ಏನೋ ಹೇಳಿದಳು, ಯಾರೋ ನಕ್ಕರು, ಅವ್ವನ ದನಿ ಮಾತ್ರ ಇರಲಿಲ್ಲ. ಪರೀಕ್ಷೆಯ ಫಲಿತಾಂಶಕ್ಕೂ ನಾನು ಹೀಗೆ ಕಾದವಳಲ್ಲ.

“ಕೇಳಿಸ್ತಾ ಅದಾ?” ಎಂದಳು ಅತ್ತೆ ಕೊನೆಗೆ. “ಆಗ್ಲಿ ಅಂತಾರ. ಆದ್ರ ನಡೂ ಸಾಲಲ್ಲಿ ನಿನ್ನ ಕೂರ್ಸಲ್ವಂತ. ಬದೀ ಸಾಲಲ್ಲಿ ಕೂತ್ಕಬೇಕು. ಅಲ್ಲಿ ಪೈರು ಎಂಗೂ ಸೊಣಕಲು, ಕಿತ್ರೂ ನಷ್ಟ ಇಲ್ಲ.”

“ಸರಿ ಅತ್ತೆ” ಎಂದೆ.

ಅಪ್ಪ ಲಾಡು ಹಿಡಿದು ಬಂದರು. “ಏನಂದ್ರು?”

“ತಗೊಂಡ್ರು ಅಪ್ಪ” ಎಂದೆ. “ಬದಿ ಸಾಲಿಗೆ.”